ಅಣಬೆ ಜಾಗದ ಮೇಲೆ ಕೆಂಪು ಗುರುತು

ನನ್ನ ಬ್ಲಾಗನ್ನು ಯಾರೂ ಓದುವುದಿಲ್ಲ ಎಂದು ನನ್ನ ಗಂಡ ಹೇಳಿದಾಗಲೆಲ್ಲ ನಾನು ಜಗಳಕ್ಕೆ ನಿಲ್ಲುತ್ತಿದ್ದೆ. ಪುಟದ ಕೆಳಗೆ ಎಷ್ಟು ಜನ ಬಂದು ಹೋದರೆಂದು ತೋರಿಸುವ ಒಂದು ಪುಟ್ಟ ಡಬ್ಬಿ ಇತ್ತು, ಅದರ ಅಂಕಿ ದಿನವೂ ಏರುತ್ತಿತ್ತು. ಏರಿದೆಯೋ ಇಲ್ಲವೋ ಎಂದು ದಿನಕ್ಕೆ ಹತ್ತು ಸಲ ನಾನೇ ಹೋಗಿ ನೋಡುತ್ತಿದ್ದೆ. ಪಾಪ, ಅದು ಏರದೆ ಇನ್ನೇನು ಮಾಡೀತು?

ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನದ ಟೀಚರ್. ಸುತ್ತಲ ತಾಲ್ಲೂಕುಗಳನ್ನು ತಿರುಗಿ, ಕಂಡದ್ದರ ಫೋಟೋ ತೆಗೆದು, ಜೊತೆಗೆ ನಾಲ್ಕು ಮಾತು ಬರೆದು ಹಾಕುವುದು ನನ್ನ ಚಟ. ಶಿರಾದ ಕಡಲೆಕಾಯಿ ಮಂಡಿ, ಪಾವಗಡದ ಬಸ್ ಸ್ಟ್ಯಾಂಡಿನಲ್ಲಿ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿದ ಜಗಳ, ಎಲ್ಲವೂ ಅಲ್ಲಿವೆ. ಅದಕ್ಕಿಂತ ದೊಡ್ಡ ಚಟವೆಂದರೆ ಪುಕ್ಕಟೆ ಸಿಗುವ ಅಲಂಕಾರಗಳನ್ನೆಲ್ಲ ತಂದು ಬ್ಲಾಗಿಗೆ ಅಂಟಿಸುವುದು. ಓಡುವ ಗಡಿಯಾರ ಅಂಟಿಸಿದೆ. ಪುಟ ತೆರೆದ ಕೂಡಲೇ ಊದುವ ಕೊಳಲು ಅಂಟಿಸಿದೆ. ಅದು ಸ್ಟಾಫ್ ರೂಮಿನಲ್ಲಿ ಊದಿ, ಹೆಡ್‌ಮಾಸ್ಟರು ಬಾಗಿಲಲ್ಲಿ ಬಂದು ನಿಂತ ಮೇಲೆ ಕಿತ್ತೆ. ಹಿಮ ಬೀಳಿಸುವುದೊಂದಿತ್ತು. ಏಪ್ರಿಲ್ ತಿಂಗಳು, ಹೊರಗೆ ಬಂಡೆಯ ಮೇಲೆ ಬರಿಗಾಲಿಡಲಾಗದ ಬಿಸಿಲು, ನನ್ನ ಬ್ಲಾಗಿನಲ್ಲಿ ಮಾತ್ರ ಮಧುಗಿರಿ ಬೆಟ್ಟದ ಮೇಲೆ ಸಣ್ಣಗೆ ಹಿಮ ಸುರಿಯುತ್ತಿತ್ತು.

ಇನ್ನೂ ಒಂದಿತ್ತು. ಫೋಟೋ ಎಲ್ಲಿ ತೆಗೆದದ್ದೆಂದು ತಾನೇ ತಿಳಿದುಕೊಂಡು ನಕ್ಷೆಯ ಮೇಲೆ ಕೆಂಪು ಗುರುತು ಹಾಕುವಂಥದ್ದು. ಆದರೆ ನನ್ನ ಹಳೇ ಕ್ಯಾಮೆರಾ ಜಾಗವನ್ನು ಬರೆದಿಟ್ಟುಕೊಳ್ಳುವ ಜಾತಿಯದಲ್ಲ. ಹಾಗಾಗಿ 'ನಕ್ಷೆ' ಎಂಬ ಗುಂಡಿ ಒತ್ತಿದರೆ ಖಾಲಿ ಚೌಕವಷ್ಟೇ ತೆರೆಯುತ್ತಿತ್ತು. ಎರಡು ಸಲ ಒತ್ತಿ ನೋಡಿ, ಕೆಲಸಕ್ಕೆ ಬಾರದ್ದೆಂದು ಬೈದು, ಕೀಳುವುದನ್ನೂ ಮರೆತೆ. ಅಷ್ಟರಲ್ಲಿ ಹಳೇ ಕ್ಯಾಮೆರಾ ಕೈಕೊಟ್ಟು ಹೊಸದು ಬಂತು. ಜೊತೆಗೆ ಬಂದ ಪುಸ್ತಕವನ್ನು ಓದದೆ ಬೀರುವಿಗೆ ಹಾಕಿದೆ. ಪ್ರಶ್ನೆಪತ್ರಿಕೆಯ ಮೇಲಿನ ಸೂಚನೆ ಓದಿ ಎಂದು ಮಕ್ಕಳಿಗೆ ದಿನಾ ಬೈಯುವವಳೂ ನಾನೇ.

ಇನ್ನು ನಮ್ಮತ್ತೆಯ ವಿಷಯ. ಅತ್ತೆ ಇರುವುದು ಮಧುಗಿರಿಯಲ್ಲಿ ನಮ್ಮ ಜೊತೆ, ಮನಸ್ಸಿರುವುದು ಮಿಡಿಗೇಶಿ ಕಡೆಯ ತಮ್ಮ ಹಳ್ಳಿಯಲ್ಲಿ. ಅಲ್ಲಿ ಬೆಟ್ಟದ ಬುಡದಲ್ಲಿ, ಅವರೊಬ್ಬರಿಗೇ ಗೊತ್ತಿದ್ದ ಒಂದು ಜಾಗದಲ್ಲಿ, ಒಳ್ಳೆ ಗುಡುಗು ಮಳೆಯಾದ ಮೂರ್ನಾಲ್ಕು ದಿನಕ್ಕೆ ಹುತ್ತದ ಸುತ್ತ ಅಣಬೆ ಏಳುತ್ತದೆ. ನಮ್ಮ ಕಡೆಯವರು ಒಡವೆ ಎಲ್ಲಿಟ್ಟಿದ್ದಾರೆಂದು ಬೇಕಾದರೆ ಹೇಳಿಯಾರು, ಅಣಬೆ ಜಾಗ ಹೇಳುವುದಿಲ್ಲ. ಅತ್ತೆ ಮೊದಲ ಬಸ್ಸಿಗೆ ಹೋಗುತ್ತಿದ್ದರು. ಇಳಿಯಬೇಕಾದ ಕಡೆ ಇಳಿಯದೆ, ಒಂದು ಸ್ಟಾಪ್ ಮುಂದೆ ಇಳಿದು, ಬಸ್ಸು ಮರೆಯಾದ ಮೇಲೆ ಹಿಂದಕ್ಕೆ ನಡೆಯುತ್ತಿದ್ದರು. ಕಂಡಕ್ಟರಿಗೂ ಗೊತ್ತಾಗಬಾರದು ನೋಡಿ. ಬರುವಾಗ ಬಿದಿರ ಕುಕ್ಕೆಯ ಮೇಲೆ ಆಲದ ಸೊಪ್ಪು ಹೊದಿಸಿ, ಕೇಳಿದವರಿಗೆ "ಮೇಕೆಗೆ ಕಣಪ್ಪ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮೇಕೆಯೇ ಇಲ್ಲ.

ಆ ಜಾಗವನ್ನು ಅತ್ತೆಗೆ ತೋರಿಸಿದವರು ಅವರ ಅತ್ತೆ. ಸ್ವಂತ ಮಗಳಿಗೆ, ಅಂದರೆ ಹೊಳವನಹಳ್ಳಿಗೆ ಕೊಟ್ಟಿರುವ ನನ್ನ ನಾದಿನಿಗೆ, ನಮ್ಮತ್ತೆ ಎಂದೂ ತೋರಿಸಿರಲಿಲ್ಲ. ಚಿಕ್ಕಂದಿನಲ್ಲಿ ಅವಳು ಸೆರಗು ಹಿಡಿದು ಅತ್ತರೂ ಬಿಡಿಸಿಕೊಂಡು ಹೋಗುತ್ತಿದ್ದರಂತೆ. ಯಾಕೆಂದು ಕೇಳಿದ್ದಕ್ಕೆ, "ಮಗಳಿಗೆ ಹೇಳಿದ್ರೆ ಜಾಗ ಕೊಟ್ಟ ಮನೆಗೆ ಹೋಯ್ತದೆ. ಸೊಸೆಗೆ ಹೇಳಿದ್ರೆ ಮನೇಲೇ ಉಳೀತದೆ ಕಣಮ್ಮ" ಎಂದರು. ನಾನೂ ಇನ್ನೊಂದು ಮನೆಯ ಮಗಳೇ ಆದ್ದರಿಂದ ಆ ಮಾತು ಸ್ವಲ್ಪ ಚುಚ್ಚಿತು. ಆದರೆ ಲಾಭ ನನಗೇ ಇದ್ದುದರಿಂದ ಸುಮ್ಮನಿದ್ದೆ.

ಮದುವೆಯಾದ ಹನ್ನೆರಡನೇ ವರ್ಷ ನನ್ನ ಸರದಿ ಬಂತು. ಅತ್ತೆಗೆ ಮಂಡಿ ನೋವು ಜಾಸ್ತಿಯಾಗಿತ್ತು. ಒಂದು ಭಾನುವಾರ ಬೆಳಿಗ್ಗೆ "ಏಳು, ಬಸ್ಸಿಗೆ ಹೊತ್ತಾಯ್ತು" ಎಂದಷ್ಟೇ ಹೇಳಿ ಕರೆದುಕೊಂಡು ಹೋದರು. ಕತ್ತಾಳೆ ಬೇಲಿ ದಾಟಿ, ತಂಗಡಿ ಗಿಡಗಳ ನಡುವೆ ಬಗ್ಗಿ ನುಸುಳಿ, ಎರಡು ಬಂಡೆಗಳ ಸಂದಿಯಿಂದ ಆಚೆ ಹೋದರೆ ನೆಲವೆಲ್ಲ ಬೆಳ್ಳಗೆ. ನಾನು ಚೀಲದಿಂದ ಹೊಸ ಕ್ಯಾಮೆರಾ ತೆಗೆದು ಫೋಟೋ ಹೊಡೆಯುತ್ತಲೇ ಹೋದೆ. "ಯಾರ್ಗೂ ಹೇಳ್ಬ್ಯಾಡ" ಎಂದು ಅತ್ತೆ ನನ್ನ ಕೈ ಹಿಡಿದುಕೊಂಡರು. ಅಷ್ಟು ವರ್ಷಗಳಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. ಈ ಮನೆಗೆ ನಾನು ಇವತ್ತು ಸೇರಿದೆ ಅನ್ನಿಸಿ ನಿಜಕ್ಕೂ ಖುಷಿಯಾಯಿತು.

ಮುದ್ದೆ, ಅಣಬೆ ಸಾರು ಉಂಡು ಕೈ ತೊಳೆಯುವಷ್ಟರಲ್ಲಿ ಬ್ಲಾಗಿನ ಚಟ ತಲೆಯೆತ್ತಿತು. ನಾನೇನು ದಡ್ಡಿಯೇ? ಬೆಟ್ಟವಾಗಲಿ ಬಂಡೆಯಾಗಲಿ ಬೇಲಿಯಾಗಲಿ ಕಾಣದ ಹಾಗೆ, ಬರೀ ಅಣಬೆಗಳನ್ನು ಹತ್ತಿರದಿಂದ ತೆಗೆದ ಆರು ಫೋಟೋಗಳನ್ನು ಆರಿಸಿದೆ. ಮೇಲೆ ದಪ್ಪಕ್ಷರದಲ್ಲಿ ಬರೆದೆ: 'ಜಾಗ ಎಲ್ಲಿ ಎಂದು ಮಾತ್ರ ಕೇಳಬೇಡಿ. ಪ್ರಾಣ ಹೋದರೂ ಹೇಳುವುದಿಲ್ಲ.' ಕೆಳಗೆ, ನಾನು ಮರೆತೇಬಿಟ್ಟಿದ್ದ 'ನಕ್ಷೆ' ಗುಂಡಿಯ ಹಿಂದೆ, ಹೊಸ ಕ್ಯಾಮೆರಾ ಬರೆದಿಟ್ಟುಕೊಂಡಿದ್ದ ಜಾಗದ ಮೇಲೆ ಕೆಂಪು ಗುರುತು ಬಂದು ಕೂತಿತ್ತು. ನಾನು ನೋಡಲಿಲ್ಲ.

ಡಬ್ಬಿಯ ಅಂಕಿ ನನ್ನ ಸಹಾಯವಿಲ್ಲದೆ ಏರತೊಡಗಿತು. ಗಂಡನ ಮೂಗಿಗೆ ಮೊಬೈಲ್ ಹಿಡಿದು ತೋರಿಸಿದೆ. ಸ್ಟಾಫ್ ರೂಮಿನಲ್ಲಿ ಎರಡು ದಿನ ನನ್ನ ನಡಿಗೆಯೇ ಬೇರೆಯಾಗಿತ್ತು.

ಹತ್ತು ಹನ್ನೆರಡು ದಿನ ಬಿಟ್ಟು ಮತ್ತೆ ಗುಡುಗು ಮಳೆಯಾಯಿತು. ನನಗೆ ಶಾಲೆಯಿತ್ತು, ಅತ್ತೆ ಮಂಡಿಗೆ ಎಣ್ಣೆ ಹಚ್ಚಿಕೊಂಡು ಒಬ್ಬರೇ ಹೋದರು. ಸಂಜೆ ನಾನು ಮನೆಗೆ ಬಂದಾಗ ಖಾಲಿ ಕುಕ್ಕೆಯನ್ನು ಮುಂದಿಟ್ಟುಕೊಂಡು ಕೂತಿದ್ದರು.

"ಯಾರೋ ಬೋಳಿಸ್ಬುಟ್ಟವ್ರೆ ಕಣಮ್ಮ. ಬೇಲಿ ಪಕ್ಕ ಬೈಕಿನ ಗಾಲಿ ಗುರ್ತು ಅವೆ. ಹುತ್ತಾನೂ ಕೆದಕವ್ರೆ."

ಯಾರಿರಬಹುದೆಂದು ನಾನು ಕೇಳುವ ಮೊದಲೇ ಅವರು ತೀರ್ಮಾನ ಮಾಡಿಯಾಗಿತ್ತು. ಹಿಂದಿನ ವಾರ ನಾದಿನಿ ಬಂದವಳು "ಈ ಸಲ ಅಣಬೆ ಎದ್ದಿತ್ತಾ ಅವ್ವ?" ಎಂದು ಕೇಳಿದ್ದಳು. ಅವಳ ಗಂಡನ ಹತ್ತಿರ ಬೈಕಿದೆ. ಇನ್ನೇನು ಸಾಕ್ಷಿ ಬೇಕು? ನನ್ನೆದುರೇ ಫೋನ್ ಮಾಡಿಸಿ, "ಹೆತ್ತ ತಾಯಿ ಹಿಂದೆ ಬಿದ್ದು ಕದಿಯೋ ಬುದ್ಧಿ ಯಾವಾಗ ಬಂತೇ ನಿಂಗೆ?" ಎಂದು ಬೈದು, ಉತ್ತರಕ್ಕೂ ಕಾಯದೆ ಇಟ್ಟರು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡದ್ದನ್ನೂ ನೋಡಿದೆ.

ಮನಸ್ಸು ಸರಿಯಿಲ್ಲದಾಗ ನಾನು ಮಾಡುವುದು ಒಂದೇ ಕೆಲಸ, ಬ್ಲಾಗು ತೆರೆಯುವುದು. ಅಣಬೆ ಬರಹದ ಕೆಳಗೆ ಶಿರಾದ ಓದುಗರೊಬ್ಬರು ಬರೆದಿದ್ದರು: 'ಮೇಡಂ, ಬಹುತ್ ಶುಕ್ರಿಯಾ. ನಿಮ್ಮ ನಕ್ಷೆ ಸೀದಾ ಹುತ್ತದ ಹತ್ತಿರವೇ ಕರ್ಕೊಂಡು ಹೋಯ್ತು. ಎರಡು ಚೀಲ ಸಿಕ್ತು. ಇದೇ ರೀತಿ ಒಳ್ಳೊಳ್ಳೆ ಮಾಹಿತಿ ಕೊಡ್ತಾ ಇರಿ.'

ಗುಂಡಿ ಒತ್ತಿದೆ. ಕತ್ತಾಳೆ ಬೇಲಿಯಿಂದ ಆಚೆ, ಎರಡು ಬಂಡೆಗಳ ನಡುವೆ, ಒಂದು ಮಾರೂ ಆಚೀಚೆಯಾಗದಂತೆ ಕೆಂಪು ಗುರುತು. ಹನ್ನೆರಡು ವರ್ಷದಿಂದ ಅಕ್ಷಾಂಶ ರೇಖಾಂಶ ಪಾಠ ಮಾಡುತ್ತಿರುವವಳು ನಾನು. ಅವೆರಡೂ ಇಷ್ಟು ನಿಖರ ಎಂದು ನನಗೇ ಗೊತ್ತಿರಲಿಲ್ಲ.

ಒಳ್ಳೆಯ ಹೆಂಗಸಾಗಿದ್ದರೆ ಆಗಲೇ ಹೋಗಿ ಅತ್ತೆಯ ಕಾಲಿಗೆ ಬೀಳುತ್ತಿದ್ದೆ. ನಾನು ಆ ಗುರುತನ್ನು ಬೆರಳಲ್ಲಿ ಎಳೆದುಕೊಂಡು ಹೋಗಿ ಮಿಡಿಗೇಶಿ ಕೋಟೆಯ ನೆತ್ತಿಯ ಮೇಲಿಟ್ಟೆ. ಅಳಿಸಿಬಿಡಬಹುದಿತ್ತು. ಆದರೆ ಬೇರೆಯವರ ಅಣಬೆಗೆ ಆಸೆಪಟ್ಟು ಬರುವವರು ಸ್ವಲ್ಪ ಬೆವರಲಿ ಎಂದು ಹೊಟ್ಟೆಯುರಿ. ಎರಡು ದಿನ ಬಿಟ್ಟು ಪಾವಗಡ ಕಡೆಯವರೊಬ್ಬರು ಬರೆದರು: 'ಮೇಡಂ, ನಿಮ್ಮ ಮಾತು ನಂಬಿ ಬಿಸಿಲಲ್ಲಿ ಬೆಟ್ಟ ಹತ್ತಿದ್ವಿ. ಏಮೀ ಲೇದು. ಮೇಕೆ ಹಿಕ್ಕೆ ಮಾತ್ರ ಇದೆ. ಫೋಟೋ ಬೇಕಾದ್ರೆ ಕಳಿಸ್ತೀವಿ.' ಒಬ್ಬಳೇ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕೆ.

ನಗು ಇನ್ನೂ ನಿಂತಿರಲಿಲ್ಲ, ನಾದಿನಿಯ ಫೋನು ಬಂತು.

"ಅತ್ತಿಗೆ, ಅವ್ವ ನನ್ನ ಫೋನೇ ಎತ್ತಲ್ಲ. ಮದ್ವೆ ಆದ್ಮೇಲೆ ನಾನು ಆ ಬೇಲಿ ಕಡೆ ಕಾಲೇ ಇಟ್ಟಿಲ್ಲ. ನೀವಾದ್ರೂ ಹೇಳಿ."

"ಹೇಳ್ತೀನಿ ಕಣಮ್ಮ" ಎಂದೆ. ಹೇಳಲಿಲ್ಲ. ಅತ್ತೆ ಮತ್ತೆಂದೂ ನನ್ನ ಕೈ ಹಿಡಿಯಲಾರರು ಎಂಬ ಭಯ. ನಾಲ್ಕು ದಿನ ಹಾಗೇ ಕಳೆದೆ. ಅಷ್ಟು ದಿನವೂ ತಾಯಿ ಮಗಳು ಮಾತು ಬಿಟ್ಟಿದ್ದರು. ಅತ್ತೆ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಐದನೇ ದಿನ ಅತ್ತೆ ಹಜಾರದಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು, ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯುತ್ತ ಎಲ್ಲವನ್ನೂ ಹೇಳಿದೆ. ಕ್ಯಾಮೆರಾ, ಬ್ಲಾಗು, ನಕ್ಷೆ, ಶಿರಾದವರ ಎರಡು ಚೀಲ. ಅತ್ತೆಯ ಕೈ ನಿಂತಿತು.

"ಕ್ಯಾಮ್ರಾಕ್ಕೆ ಜಾಗ ಹೆಂಗೆ ಗೊತ್ತಾಯ್ತು? ಯಾರು ಹೇಳಿದ್ರು?"

"ಆಕಾಶದಲ್ಲಿ ಉಪಗ್ರಹ ಇರ್ತಾವೆ ಅತ್ತೆ. ಅವು ಹೇಳ್ತಾವೆ."

ಅತ್ತೆ ತಲೆಯೆತ್ತಿ ಹಜಾರದ ಸೂರು ನೋಡಿದರು. "ಕಂಡಕ್ಟ್ರಿಗೆ ಗೊತ್ತಾಗ್ಬಾರ್ದು ಅಂತ ನಾನು ಒಂದು ಮೈಲಿ ನಡೀತಿದ್ದೆ. ಮ್ಯಾಲಿಂದ ನೋಡ್ತಾವೆ ಅಂತ ಯಾರಿಗೆ ಗೊತ್ತು" ಎಂದರು.

ಬೈಗುಳಕ್ಕೆ ನಾನು ತಯಾರಾಗಿ ಕೂತಿದ್ದೆ. ಬರಲಿಲ್ಲ. ಅವರ ಮುಖ ಕಪ್ಪಿಟ್ಟಿತು, ನನ್ನ ಮೇಲಿನ ಸಿಟ್ಟಿಗಲ್ಲ. "ಅವ್ಳನ್ನ ಕಳ್ಳಿ ಮಾಡ್ಬುಟ್ನಲ್ಲಮ್ಮ" ಎಂದರು. ಎರಡು ಕಾಯಿ ಸುಲಿದರು, ಬೀಜವನ್ನು ಸಿಪ್ಪೆಯ ರಾಶಿಗೇ ಹಾಕಿದರು. ಆಮೇಲೆ, "ಊರಿಗೆಲ್ಲ ತೋರ್ಸಾಯ್ತು. ಇನ್ನು ಅವಳೊಬ್ಬಳಿಗೆ ಮುಚ್ಚಿಡೋದು ಏನದೆ? ಫೋನ್ ಹಾಕು" ಎಂದರು.

ತಪ್ಪಾಯಿತು ಎಂಬ ಮಾತು ನಮ್ಮತ್ತೆಯ ಬಾಯಲ್ಲಿ ಹುಟ್ಟಿಯೇ ಇಲ್ಲ. "ಮಳೆ ಬಿದ್ದೈತೆ. ನಾಳಿದ್ದು ಬಾ, ಜಾಗ ತೋರುಸ್ತೀನಿ" ಎಂದರು. ಆ ಕಡೆಯಿಂದ "ಬತ್ತೀನಿ ಬುಡವ್ವ" ಎಂದು ಕೇಳಿಸಿತು. ನಾನು ಅಂದೇ ಗುರುತನ್ನೂ ನಕ್ಷೆಯ ಗುಂಡಿಯನ್ನೂ ಕಿತ್ತೆ.

ಮೂವರೂ ಹೊರಟೆವು. ಮುಚ್ಚಿಡಲು ಏನೂ ಉಳಿದಿರಲಿಲ್ಲವಾದ್ದರಿಂದ ಸರಿಯಾದ ಸ್ಟಾಪಿನಲ್ಲೇ ಇಳಿದೆವು. ಅತ್ತೆ ಒಂದು ಕೈ ನನ್ನ ಹೆಗಲ ಮೇಲಿಟ್ಟುಕೊಂಡು ಮೆಲ್ಲಗೆ ನಡೆಯುತ್ತಿದ್ದರು, ನಾದಿನಿ ಕುಕ್ಕೆ ಹಿಡಿದು ಮುಂದೆ. ಕತ್ತಾಳೆ ಬೇಲಿ ಹತ್ತಿರ ಬಂದಾಗ ಅತ್ತೆ "ನಿಲ್ಲೇ, ಇಲ್ಲಿ ತಿರುಗ್ಬೇಕು" ಎನ್ನಲು ಬಾಯಿ ತೆರೆದರು. ನಾದಿನಿ ಆಗಲೇ ತಿರುಗಿದ್ದಳು. ಬೇಲಿ ಎಲ್ಲಿ ಸಡಿಲವೋ ಅಲ್ಲೇ ದಾಟಿದಳು. ತಂಗಡಿ ಗಿಡಗಳ ಕೆಳಗೆ ಎಲ್ಲಿ ಬಗ್ಗಬೇಕೋ ಅಲ್ಲಿ ಬಗ್ಗಿದಳು. ನಾವು ಬಂಡೆ ಸಂದಿಗೆ ತಲುಪುವಷ್ಟರಲ್ಲಿ ಹುತ್ತದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಕೆದಕಿದ ಮಣ್ಣಿನ ಅಂಚಿನಲ್ಲಿ ಹತ್ತೋ ಹನ್ನೆರಡೋ ಸಣ್ಣ ಅಣಬೆ ಎದ್ದಿದ್ದವು.

"ಯಾರು ತೋರ್ಸಿದ್ರು ನಿಂಗೆ?" ಎಂದರು ಅತ್ತೆ.

"ಯಾರೂ ಇಲ್ಲ. ಸಣ್ಣೋಳಿದ್ದಾಗ ನಿನ್ನ ಹಿಂದೇನೇ ಬತ್ತಿದ್ದೆ. ನೀನು ಕೀಳೋದನ್ನ ಬೇಲಿ ಸಂದೀಲಿ ಕೂತು ನೋಡ್ತಿದ್ದೆ."

"ಮತ್ತೆ ಒಂದಿನಾನೂ ಕಿತ್ಕಂಡಿಲ್ವಾ?"

"ನೀನು ತೋರ್ಸಿರ್ಲಿಲ್ವಲ್ಲ" ಎಂದಳು ನಾದಿನಿ. ಅವಳ ದನಿಯಲ್ಲಿ ದೂರೇನೂ ಇರಲಿಲ್ಲ.

ನಾನು ಒಂದು ದಿನ ಹೊಟ್ಟೆಯಲ್ಲಿಟ್ಟುಕೊಳ್ಳಲಾಗದ್ದನ್ನು ಅವಳು ಮೂವತ್ತು ವರ್ಷ ಇಟ್ಟುಕೊಂಡಿದ್ದಳು. ನನಗೆ ಅಲ್ಲಿ ನಿಲ್ಲಲು ನಾಚಿಕೆಯಾಯಿತು. ಅತ್ತೆ ಮಂಡಿ ಹಿಡಿದುಕೊಂಡು ಮಗಳ ಪಕ್ಕದಲ್ಲಿ ಒದ್ದೆ ನೆಲದ ಮೇಲೇ ಕೂತರು, ಕುಕ್ಕೆಯನ್ನು ಅವಳ ಮುಂದಕ್ಕೆ ನೂಕಿ "ಕೀಳವ್ವ" ಎಂದರು. ನಾದಿನಿ ಕೀಳತೊಡಗಿದಳು. ಬುಡದ ಮಣ್ಣನ್ನು ಎರಡು ಬೆರಳಲ್ಲಿ ಸರಿಸಿ, ಕಾಂಡ ಮುರಿಯದ ಹಾಗೆ ಮೆಲ್ಲಗೆ ತಿರುಗಿಸಿ, ಥೇಟ್ ಅವರಮ್ಮ ಕೀಳುವ ಹಾಗೆ. ಅವಳು ಅಣಬೆ ಕಿತ್ತದ್ದು ಅದೇ ಮೊದಲು.