ಅಜ್ಜನ ಎರಡನೆಯ ಪ್ರವೇಶ

ನಮ್ಮ ಮನೆತನದ ಬಗ್ಗೆ ಕೊಚ್ಚಿಕೊಳ್ಳುವುದರಲ್ಲಿ ನಾನು ಎಂದೂ ಕಂಜೂಸಿ ಮಾಡಿದವನಲ್ಲ. ಹಿರೇಕೆರೂರಿನಲ್ಲಿ ನೀವು ನನ್ನ ಜೊತೆ ಒಮ್ಮೆ ಚಹಾ ಕುಡಿದಿದ್ದರೆ ಸಾಕು, ಶಾಲೆಗೆ ಜಾಗ ಕೊಟ್ಟವನು ನಮ್ಮಜ್ಜ ಎಂಬುದು ಚಹಾ ಆರುವ ಮೊದಲೇ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಹಾಗಾಗಿ ಶಾಲೆಗೆ ನೂರು ತುಂಬಿತೆಂದು ಮಕ್ಕಳು ಅದರ ಚರಿತ್ರೆಯನ್ನು ಬಯಲಿನಲ್ಲಿ ಆಡಿ ತೋರಿಸುತ್ತಾರೆ ಎಂದಾಗ, ಇಸ್ತ್ರಿ ಮಾಡಿದ ಧೋತರ ಉಟ್ಟು, ಅಕ್ಕನನ್ನೂ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲೇ ಕುಳಿತೆ. ಅಕ್ಕನಿಗೆ ಎಂಬತ್ತು ದಾಟಿದೆ. ಅವಳು ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಅವಳಿಗೆ ಓದು ಹತ್ತಲಿಲ್ಲ ಎಂದು ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದರು, ನಾನೂ ನಂಬಿದ್ದೆ.

ಸತ್ತವರ ಬಗ್ಗೆ ಹೆಮ್ಮೆಪಡುವುದು ಬಹಳ ಸುಲಭ. ಫೋಟೋದಲ್ಲಿರುವವರು ವರ್ಷಕ್ಕೊಂದು ಹಾರ ಹಾಕಿದರೆ ತೆಪ್ಪಗಿರುತ್ತಾರೆ. ನಾಟಕದಲ್ಲಿ ಹಾಗಲ್ಲ, ಎದ್ದು ಓಡಾಡುತ್ತಾರೆ, ಬಾಯಿ ಬಿಡುತ್ತಾರೆ. ನಮ್ಮಜ್ಜನಾಗಿ ಬಂದವಳು ಏಳನೆಯ ಇಯತ್ತೆಯ ಒಬ್ಬ ಹುಡುಗಿ. ರುಮಾಲು ಕಣ್ಣಿನವರೆಗೆ ಇಳಿದಿತ್ತು, ಮೀಸೆ ಒಂದೇ ಕಡೆ ಅಂಟಿತ್ತು. ಬೆತ್ತ ಊರಿ, "ಇಲ್ಲೇ ಕಟ್ರಿ ಸಾಲಿ" ಎಂದಾಗ ಜನ ಚಪ್ಪಾಳೆ ತಟ್ಟಿದರು. ಹಿಂದಿನವರಿಗೆ ನನ್ನ ಮುಖ ಕಾಣಲೆಂದು ನಾನು ಸ್ವಲ್ಪ ತಿರುಗಿ ಕುಳಿತೆ.

ಅಜ್ಜನ ಪಾತ್ರ ಅಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆ. ಒಂದೆರಡು ದೃಶ್ಯವಾದ ಮೇಲೆ ಅವನು ಮತ್ತೆ ಬಂದ. ನೆಲದ ಮೇಲೆ ಪಾಠಕ್ಕೆ ಕುಳಿತಿದ್ದ ಮಕ್ಕಳ ನಡುವಿನಿಂದ ಒಬ್ಬ ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿ, "ಮಂದಿ ಮಕ್ಕಳು ಕಲೀಲಿ. ನಮ್ಮ ಮನಿ ಹೆಣ್ಣಿಗೆ ಇದೆಲ್ಲಾ ಬ್ಯಾಡ. ನಡಿ ಮನಿಗೆ" ಎಂದು ಎಳೆದ. ಹುಡುಗಿ ಬರೆಯುವ ಪಾಟಿಯನ್ನು ಎದೆಗೆ ಅವುಚಿಕೊಂಡು ಅಳತೊಡಗಿದಳು.

ಊರೆಲ್ಲ ಕುಳಿತಿರುವಲ್ಲಿ ಮನೆತನದ ಮಾನ ಹೋಯಿತಲ್ಲ ಎಂದು ಹಿಂದಿನವರ ಕಡೆಗಿದ್ದ ಮುಖ ತಿರುಗಿಸಿಕೊಂಡೆ. "ಇದನ್ನ ಇವರಿಗೆ ಯಾರು ಹೇಳ್ಯಾರ?" ಎಂದು ಅಕ್ಕನ ಕಡೆ ಬಗ್ಗಿ ಕೇಳಿದೆ.

"ನಾನ" ಎಂದಳು ಅಕ್ಕ. "ಹುಡುಗ್ರು ಮನಿಗೆ ಬಂದು ಕೇಳಿದ್ರು. ಇಷ್ಟ ದಿನ ಯಾರೂ ಕೇಳಿದ್ದಿಲ್ಲ."

ಆ ಪಾಟಿ ಯಾರದೆಂದು ಆಗ ತಿಳಿಯಿತು. ಅವಳು ಬಡಿದ ರೊಟ್ಟಿ ತಿಂದು ದೊಡ್ಡವನಾದವನು ನಾನು. ಅವಳ ಕಥೆಯನ್ನು ಊರ ಮಂದಿಯ ಜೊತೆ ಕುಳಿತು, ಮೈಕಿನಲ್ಲಿ ಕೇಳಿ ತಿಳಿದುಕೊಂಡೆ.

ಅಷ್ಟರಲ್ಲಿ ಅಕ್ಕ ಕೋಲು ಹಿಡಿದು ಎದ್ದು ನಾಟಕ ಆಡುತ್ತಿದ್ದ ಮಕ್ಕಳ ಕಡೆ ನಡೆದಳು. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ನಮ್ಮ ಕಡೆ ನಾಟಕದ ನಡುವೆಯೇ ಹೋಗಿ ಪಾತ್ರಧಾರಿಗೆ ಆಯೇರಿ ಮಾಡುವ, ಅಂದರೆ ಉಡುಗೊರೆ ಕೊಡುವ, ರೂಢಿ ಇದೆ. ಸಾಯುತ್ತಿರುವ ರಾಜನೂ ಎದ್ದು ಟಾವೆಲ್ ಹೊದಿಸಿಕೊಂಡು, ಕೈಮುಗಿದು, ಮತ್ತೆ ಮಲಗಿ ಸಾಯುತ್ತಾನೆ. ಹೆಡ್‌ಮಾಸ್ತರರು ಮೈಕಿನಲ್ಲಿ, "ಅವ್ವಾರು ಆಯೇರಿ ಮಾಡಾಕ ಬರಾಕತ್ತಾರ, ದಾರಿ ಬಿಡ್ರಿ" ಎಂದರು.

ಅಕ್ಕನ ಕೈಯಲ್ಲಿ ಟಾವೆಲ್ಲೂ ಇರಲಿಲ್ಲ, ನೋಟೂ ಇರಲಿಲ್ಲ. ಅವಳು ಅಜ್ಜನ ಹಿಡಿತದಿಂದ ಹುಡುಗಿಯ ರಟ್ಟೆ ಬಿಡಿಸಿ, ಕರೆದೊಯ್ದು ಮೊದಲಿನ ಜಾಗದಲ್ಲೇ ಕೂಡಿಸಿದಳು. ಅಜ್ಜ ಅರ್ಧ ಮೀಸೆಯಲ್ಲಿ ಕಕ್ಕಾಬಿಕ್ಕಿಯಾಗಿ ಹೆಡ್‌ಮಾಸ್ತರರ ಮುಖ ನೋಡಿದ. ಅವರು ಓಡಿ ಬಂದರು.

"ಅವ್ವಾರ, ಇತಿಹಾಸದಾಗ ಹಂಗ ಆಗಿಲ್ರಿ."

"ಗೊತ್ತೈತಿ. ನಾ ಅಲ್ಲೇ ಇದ್ದೆ" ಎಂದು ಅಕ್ಕ ಕೋಲು ಕೆಳಗಿಟ್ಟು, ಆ ಹುಡುಗಿಯ ಪಕ್ಕ ತಾನೂ ಕುಳಿತುಬಿಟ್ಟಳು.

ನೆಲಕ್ಕೆ ಕುಳಿತರೆ ಅಕ್ಕನಿಗೆ ತಾನಾಗಿ ಏಳಲಾಗುವುದಿಲ್ಲ. ನಾನು ಗಾಬರಿಯಿಂದ ಓಡಿಹೋಗಿ ಅವಳ ರಟ್ಟೆ ಹಿಡಿದು, "ಸಾಕು, ನಡಿ ಮನಿಗೆ" ಎಂದೆ. ಹೆಡ್‌ಮಾಸ್ತರರ ಕೈಯಲ್ಲಿದ್ದ ಮೈಕು ಆ ಮಾತನ್ನು ಇಡೀ ಬಯಲಿಗೆ ಕೇಳಿಸಿತು. ಒಬ್ಬರೂ ನಗಲಿಲ್ಲ. ರುಮಾಲು ಸುತ್ತಿದ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನಾನು ಕೈ ಬಿಟ್ಟೆ.

"ಸಾಲಿ ಗಂಟಿ ಹೊಡೀಲಿ, ತಡಿ" ಎಂದಳು ಅಕ್ಕ.