ಗುರುಶಾಂತವ್ವನ ಒಳಜ್ವರ

ಎಕ್ಕಂಬಿಯಲ್ಲಿ ಆಕಳೋ ಎಮ್ಮೆಯೋ ಈಯಲು ತಿಣುಕಿದರೆ ಜನ ಮೊದಲು ಕರೆಯುತ್ತಿದ್ದದ್ದು ಗುರುಶಾಂತವ್ವನನ್ನು. ತೋಳಿನವರೆಗೆ ಎಣ್ಣೆ ಸವರಿಕೊಂಡು, ಅಡ್ಡ ತಿರುಗಿದ ಕರುವನ್ನು ಸರಿಮಾಡಿ ಎಳೆಯುವ ಗಟ್ಟಿಗಿತ್ತಿ. ಬಾಯಿಯೂ ಅಷ್ಟೇ ಜೋರು. ಊರ ಗಂಡಸರು ಅವಳೆದುರು ಎಮ್ಮೆಗಿಂತ ಮೆತ್ತಗೆ ನಿಲ್ಲುತ್ತಿದ್ದರು. ಆಕಳು ಈದ ಮೇಲೆ ಬೀಳುವ ಮಾಸುಚೀಲವನ್ನು ಹುಲ್ಲಿನಲ್ಲಿ ಸುತ್ತಿ ಕೆರೆಯಂಚಿನ ಆಲದ ಮರಕ್ಕೆ ಕಟ್ಟುವವಳೂ ಅವಳೇ. ಹಾಲು ಸುರಿಸುವ ಮರಕ್ಕೆ ಕಟ್ಟಿದರೆ ಆಕಳಿನ ಕೆಚ್ಚಲೂ ತುಂಬುತ್ತದೆಂದು ನಂಬಿಕೆ.

೧೯೬೪ರ ಸುಗ್ಗಿಯ ಹೊತ್ತಿಗೆ ಆ ಮರದಲ್ಲಿ ಮಾಸಿನ ಗಂಟುಗಳು ವಿಪರೀತವಾದವು. ದಿನ ತುಂಬುವ ಮೊದಲೇ ಆಕಳುಗಳು ಒಂದರ ಹಿಂದೊಂದು ಕಂದು ಹಾಕತೊಡಗಿದ್ದವು. ಗುರುಶಾಂತವ್ವನ ಸ್ವಂತ ಕೆಂದಾಕಳೂ ಕಂದು ಹಾಕಿತು, ಆದರೆ ಹಾಲು ಮಾತ್ರ ಕೊಡುತ್ತಲೇ ಇತ್ತು. ಯಾರದೋ ಕಣ್ಣು ಬಿದ್ದಿದೆ ಎಂದು ಊರು ಪಿಸುಗುಟ್ಟಿತು. ಅವಳು ಆ ಸತ್ತ ಕರುಗಳನ್ನೂ ಬರಿಗೈಯಲ್ಲೇ ಎಳೆದಳು.

ಶಿವರಾತ್ರಿ ಕಳೆಯುವಷ್ಟರಲ್ಲಿ ಅವಳಿಗೆ ಜ್ವರ ಹಿಡಿಯಿತು. ಸಂಜೆ ಏರುವುದು, ಬೆಳಗಿಗೆ ಬೆವರಿ ಇಳಿಯುವುದು. ಬಿಟ್ಟಂತೆ ಮಾಡಿ ಮತ್ತೆ ಬರುವುದು. ಸೊಂಟ ಹಿಡಿದು ಏಳಲಾಗದು. ಅದೇ ಹೊತ್ತಿಗೆ ಮಗಳು ಅನ್ನಪೂರ್ಣವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಗುರುಶಾಂತವ್ವನಿಗೆ ಈಗ ಒಂದೇ ಹಟ: ಮಗಳು ಹೆರುವ ಹೊತ್ತಿಗೆ ತಾನು ಎದ್ದು ನಿಂತಿರಬೇಕು, ಮೊಮ್ಮಗುವನ್ನು ತಾನೇ ಎತ್ತಿಕೊಳ್ಳಬೇಕು.

ಶಿರಸಿಯ ವೆಂಕಟ್ರಮಣ ಡಾಕ್ಟರು ಪೆನಿಸಿಲಿನ್ ಸೂಜಿ ಚುಚ್ಚಿ ನೋಡಿದರು. ಜ್ವರ ಜಗ್ಗಲಿಲ್ಲ. ರಕ್ತವನ್ನು ಹುಬ್ಬಳ್ಳಿಗೆ ಕಳಿಸಿ ಪರೀಕ್ಷೆ ಮಾಡಿಸಿದಾಗ ಗೊತ್ತಾಯಿತು, ದನಗಳಿಗೆ ಕಂದು ಹಾಕಿಸುವ ಕ್ರಿಮಿಯೇ ಇವಳ ಮೈಯನ್ನೂ ಹೊಕ್ಕಿತ್ತು.

“ನಮ್ಮ ಮೈಯಲ್ಲಿ ಕ್ರಿಮಿಗಳನ್ನ ನುಂಗಿ ಕೊಲ್ಲೋ ಜೀವಕಣ ಇರ್ತದೆ,” ಎಂದು ಡಾಕ್ಟರು ಅವಳ ಗಂಡ ಮಡಿವಾಳಪ್ಪನಿಗೆ ಹೇಳಿದರು. “ಈ ಕ್ರಿಮಿ ಅದರ ಹೊಟ್ಟೆಯಲ್ಲೇ ಸಾಯದೆ ಕೂತು ಬೆಳೀತದೆ. ಪೆನಿಸಿಲಿನ್ ಹೊರಗಡೆನೇ ತಿರುಗ್ತದೆ. ಈ ಹೊಸ ಗುಳಿಗೆ ಆ ಕಣದ ಒಳಗೇ ಹೋಗ್ತದೆ. ಆದ್ರೆ ಕ್ರಿಮಿಯನ್ನ ಒಮ್ಮೆಗೇ ಕೊಲ್ಲೂದಿಲ್ಲ, ಬೆಳೀದ ಹಾಗೆ ಅದುಮಿ ಹಿಡೀತದೆ. ಅದಕ್ಕೇ ಜ್ವರ ಬಿಟ್ರೂ ಬಿಡದೆ ನುಂಗಬೇಕು. ನೀರಲ್ಲಿ ನುಂಗಿಸಿ. ಹಾಲು ಕುದಿಸದೆ ಕುಡೀಬೇಡಿ.”

ಕೊನೆಯ ಎರಡು ಮಾತು ಮಡಿವಾಳಪ್ಪನ ಒಂದು ಕಿವಿಯಿಂದ ಹೊಕ್ಕು ಇನ್ನೊಂದರಿಂದ ಹೋದವು. ಇಂಗ್ಲಿಷ್ ಔಷಧ ಎಂದರೆ ಉಷ್ಣ, ಉಷ್ಣಕ್ಕೆ ಹಾಲು, ಹಾಲೆಂದರೆ ಆಗಷ್ಟೇ ಹಿಂಡಿದ ನೊರೆಹಾಲು: ಅವನ ಅಪ್ಪ ಅಜ್ಜಂದಿರ ಲೆಕ್ಕ ಅಷ್ಟೇ.

“ಬರೇ ನೀರಾಗ ನುಂಗಿದ್ರ ಕರಳ ಸುಡತೈತಿ. ಕುಡಿ ಇದನ್ನ,” ಎಂದು ಪ್ರತಿ ಗುಳಿಗೆಯ ಮೇಲೂ ಲೋಟ ತುಂಬ ಕೆಂದಾಕಳಿನ ಹಾಲು ಕೊಟ್ಟ. ಬಸುರಿ ಮಗಳಿಗೂ ಒಂದು ಲೋಟ. ಹೆಂಡತಿ ಮಕ್ಕಳನ್ನು ಇಷ್ಟು ಅಕ್ಕರೆಯಿಂದ ನೋಡಿದವನನ್ನು ಬೈಯಲು ಕಥೆ ಹೇಳುವ ನನಗೆ ಬಾಯಿ ಬರುವುದಿಲ್ಲ, ಆದರೆ ನೆನೆದಾಗಲೆಲ್ಲ ಮೈ ಉರಿಯುತ್ತದೆ.

ತಿಂಗಳಾದರೂ ಜ್ವರ ಹೋಗಲಿಲ್ಲ. ಗಂಡ ಹೆಂಡತಿ ಮತ್ತೆ ಬಸ್ಸು ಹತ್ತಿ ಶಿರಸಿಗೆ ಬಂದರು. ಡಾಕ್ಟರಿಗೆ ಅನುಮಾನ ಬಂತು.

“ಗುಳಿಗೆ ತಪ್ಪಿಸಿದ್ರೋ?”

“ಒಂದೂ ತಪ್ಪಿಸಿಲ್ರೀ,” ಎಂದ ಮಡಿವಾಳಪ್ಪ ಹೆಮ್ಮೆಯಿಂದ. “ನಾನ ಕೈಯಾರೆ ನೊರೆಹಾಲಿನಾಗ ನುಂಗಿಸೇನ್ರಿ.”

ಡಾಕ್ಟರು ಕುರ್ಚಿಗೆ ಒರಗಿದರು. “ಹಾಲಿನ ಸುಣ್ಣದಂಶ ಹೊಟ್ಟೆಯಲ್ಲೇ ಈ ಗುಳಿಗೆಯನ್ನ ಹಿಡಿದು ಹಾಕ್ತದೆ ಮಾರಾಯ. ರಕ್ತಕ್ಕೇ ಸೇರದ ಔಷಧ ಕಣದೊಳಗೆ ಹೇಗೆ ಹೋಗ್ತದೆ? ಅದ್ರ ಮೇಲೆ ಕ್ರಿಮಿ ಇರೂದೇ ಆ ಹಸಿಹಾಲಲ್ಲಿ. ಮನೇಲಿ ಇನ್ಯಾರು ಕುಡೀತಾರೆ ಅದನ್ನ?”

ಗುರುಶಾಂತವ್ವ ಸೊಂಟನೋವು ಮರೆತು ಎದ್ದಳು. “ನಡೀರಿ ಮನಿಗೆ,” ಎಂದಳು.

ಊರು ಮುಟ್ಟಿದಾಗ ಹಂಚು ಕಾದು ಸಿಡಿಯುವಂಥ ಬಿಸಿಲು. ಅನ್ನಪೂರ್ಣವ್ವ ನಡುಮನೆಯಲ್ಲಿ ಕಂಬಳಿ ಹೊದ್ದು ಮುದುಡಿಕೊಂಡಿದ್ದಳು.

“ಯವ್ವಾ, ಮುಂಜಾನಿಂದ ಚಳಿ ಹತ್ತೇತಿ. ಹೊಟ್ಟೀನೂ ಬಿಗಿಯಾಕ ಹತ್ತೇತಿ.”

ಗುರುಶಾಂತವ್ವ ಕಂಬಳಿ ಸರಿಸಿ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಸರಿಸಿ ಇನ್ನೊಂದು ಕಡೆ ಇಟ್ಟಳು. ಬೆರಳಿನಿಂದ ಮೆಲ್ಲಗೆ ಒತ್ತಿ ಕಾದಳು. ಕೂಸು ಮಿಸುಕಲಿಲ್ಲ.