ಗೋಡೆಯಾಚೆಯ ಬೆಂಕಿ

ಕಟ್ಟಿಗೆಯ ವಿಷಯದಲ್ಲಿ ನಮ್ಮ ಅವ್ವನಿಗೆ ಯಾರ ಮೇಲೂ ನಂಬಿಕೆ ಇಲ್ಲ, ಅಪ್ಪನ ಮೇಲಂತೂ ಮೊದಲೇ ಇಲ್ಲ. ಹಿರೇಬೆಂಡಿಗೇರಿಯಲ್ಲಿ ಒಮ್ಮೆ ಯಾರೋ ಹಳೇ ಮನೆ ಕೆಡವಿದಾಗ ಅಪ್ಪ ಅದರ ಬಾಗಿಲು, ಚೌಕಟ್ಟುಗಳನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದು, ಕೋಟೆ ಗೆದ್ದವನಂತೆ ಹಿತ್ತಲಲ್ಲಿ ಇಳಿಸಿದ. ಅವ್ವ ಒಂದು ತುಂಡು ಎತ್ತಿ ಉಗುರಿನಿಂದ ಕೆರೆದಳು. "ಬಣ್ಣ ಹಚ್ಚಿದ ಕಟ್ಟಿಗಿರಿ ಇದು. ಇದರ ಹೊಗಿ ಯಾರು ಕುಡೀಬೇಕು? ತುಗೊಂಡು ಹೋಗ್ರಿ," ಎಂದಳು. ಅಪ್ಪ ಗೊಣಗುತ್ತ ಎಲ್ಲವನ್ನೂ ಮತ್ತೆ ತುಂಬಿದ.

ಅಡುಗೆಗೆ ಗ್ಯಾಸ್ ಬಂದು ಬಹಳ ಕಾಲವಾಯಿತು. ಈಗ ಕಟ್ಟಿಗೆ ಬೇಕಾಗುವುದು ಬಚ್ಚಲೊಲೆಗೆ ಮಾತ್ರ. ತಾಮ್ರದ ಹಂಡೆ ಬಚ್ಚಲೊಳಗೆ, ಒಲೆಯ ಬಾಯಿ ಹಿತ್ತಲಿಗೆ, ಹೊಗೆ ಹೋಗಲು ಮೇಲಕ್ಕೊಂದು ಕೊಳವೆ. ಇಷ್ಟಕ್ಕೇ ಅವ್ವ ನಡೆಸುವ ದರ್ಬಾರು ನೋಡಬೇಕು. ಜಾಲಿ ಅವಳಿಗೆ ಅಚ್ಚುಮೆಚ್ಚು. ಉರಿ ನಿಧಾನ, ಕೆಂಡ ಗಟ್ಟಿ. ಮಾವು ನಡೆದೀತು. ಮೆಣಸಿನ ಗಿಡದ ಕಡ್ಡಿಯನ್ನು ಮಾತ್ರ ಹತ್ತಿರಕ್ಕೂ ಬಿಡುವುದಿಲ್ಲ, ಅದನ್ನು ಉರಿಸಿದರೆ ಓಣಿಗೆ ಓಣಿಯೇ ಕೆಮ್ಮಬೇಕು. ಸುಗ್ಗಿ ಮುಗಿದ ಮೇಲೆ ಕಡಿಸಿ, ಸೀಳಿಸಿ, ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಒಟ್ಟಿಸುತ್ತಾಳೆ. ಮೇಲೊಂದು ತಗಡು, ಬದಿಗಳೆಲ್ಲ ಗಾಳಿಯಾಡಲು ಬಯಲು. ತಾಡಪತ್ರಿಯಲ್ಲಿ ಬಿಗಿಯಾಗಿ ಸುತ್ತಿಡುವವರನ್ನು ಕಂಡರೆ ನಗುತ್ತಾಳೆ, ಒಳಗೇ ಬೆವತು ಬೂಷ್ಟು ಹಿಡಿಯುತ್ತದಂತೆ. ಈ ವರ್ಷ ಕಡಿದದ್ದು ಬರುವ ವರ್ಷಕ್ಕೆ. ಒಲೆಗೆ ಇಡುವ ಮುಂಚೆ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿಯುತ್ತಾಳೆ. ಠಣ್ ಎನ್ನದಿದ್ದರೆ ಅವು ವಾಪಸ್ ಒಟ್ಟಿಲಿಗೆ. ಹೊತ್ತಿಸಲು ಕಾಳು ಬಿಡಿಸಿದ ಗೋವಿನಜೋಳದ ಒಣ ಬೆಂಡು. ಹಾಲಿನ ಪಾಕೀಟು ಸುಟ್ಟು ಒಲೆ ಹೊತ್ತಿಸುವ ಪಕ್ಕದ ಮನೆಯವರಿಗೆ ದಿನವೂ ಬೈಗುಳ. ಬೂದಿ ಪೂರ್ತಿ ಆರುವ ತನಕ ತಗಡಿನ ಬಕೆಟ್ಟಿನಲ್ಲೇ ಇರಬೇಕು, ಯಾಕೆಂದರೆ ತಿಪ್ಪೆಯ ಪಕ್ಕದಲ್ಲೇ ಮೇವಿನ ಬಣವೆ ಇದೆ.

ಇದೆಲ್ಲ ನನಗೆ ತಮಾಷೆಯಾಗಿತ್ತು, ಹಾನಗಲ್ಲಿನಿಂದ ಬಾಣಂತನಕ್ಕೆ ತವರಿಗೆ ಬರುವವರೆಗೆ. ಮಗಳು ದಿನ ತುಂಬುವ ಮೊದಲೇ ಹುಟ್ಟಿದ್ದಳು. ಎತ್ತಿಕೊಳ್ಳಲು ಭಯವಾಗುವಷ್ಟು ಸಣ್ಣ ಕೂಸು. ಶಿಗ್ಗಾಂವಿಯ ಆಸ್ಪತ್ರೆಯಿಂದ ಕಳಿಸುವಾಗ ನರ್ಸ್ ಒತ್ತಿ ಒತ್ತಿ ಹೇಳಿದ್ದರು, ಕೂಸು ಸದಾ ಬೆಚ್ಚಗಿರಬೇಕು, ಆದರೆ ಕೋಣೆಯಲ್ಲಿ ಹೊಗೆ ಕೂಡದು ಎಂದು. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. ಕರೆಂಟಿನದು ಬಂದರೆ ಬಂತು, ಹೋದರೆ ಹೋಯಿತು. ನಮ್ಮ ಕಡೆ ಬಾಣಂತಿಯ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು, ಬಾಗಿಲು ಕಿಟಕಿ ಹಾಕಿ ಕಾಸುವುದು ರೂಢಿ. ಅವ್ವ ಅದನ್ನು ಮಾಡಲಿಲ್ಲ.

ಬಚ್ಚಲೊಲೆಗೆ ಬೆನ್ನು ಹಚ್ಚಿಕೊಂಡಂತೆ ಒಂದು ಕಾಳಿನ ಕೋಣೆ ಇತ್ತು. ನಾನು ಆಸ್ಪತ್ರೆಯಲ್ಲಿದ್ದಾಗಲೇ ಅವ್ವ ಅಲ್ಲಿನ ಚೀಲಗಳನ್ನು ಪಡಸಾಲೆಗೆ ಹಾಕಿಸಿದ್ದಳು. ಆಮೇಲೆ ಒಲೆಯಲ್ಲಿ ಬೇಕೆಂದೇ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸಿ, ಆ ಕೋಣೆಯ ಗೋಡೆಗೆ ಮೂಗು ಹಚ್ಚಿ ಮೂಲೆಯಿಂದ ಮೂಲೆಗೆ ಮೂಸುತ್ತ ಹೋದಳಂತೆ. ಎಲ್ಲಿ ವಾಸನೆ ಬಂತೋ ಅಲ್ಲಿ ಮಣ್ಣು, ಸಗಣಿ ಕಲಸಿ ಮೆತ್ತಿದಳು. ಮತ್ತೆ ಸೊಪ್ಪು, ಮತ್ತೆ ಮೂಗು. ಅಪ್ಪ ಇದನ್ನು ನನಗೆ ನಟಿಸಿ ತೋರಿಸಿದಾಗ ಹೊಲಿಗೆ ಎಳೆದು ನೋವಾಗುವಷ್ಟು ನಕ್ಕೆ. ಆದರೆ ಆ ಕೋಣೆಗೆ ಹೋಗಿ ಗೋಡೆಗೆ ಅಂಗೈ ಇಟ್ಟರೆ, ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ ಬೆಚ್ಚಗಿತ್ತು. ಕಿಟಕಿ ತುಸು ತೆರೆದೇ ಇತ್ತು, ಹೊಗೆಯ ಸುಳಿವೂ ಇರಲಿಲ್ಲ. ಮಗಳನ್ನು ಎದೆಗೆ ಅವಚಿಕೊಂಡು ಮಲಗಿದೆ. ಅಷ್ಟು ನೆಮ್ಮದಿಯ ನಿದ್ದೆಯನ್ನು ಅದಕ್ಕೂ ಮೊದಲು ಕಂಡಿರಲಿಲ್ಲ.

ಆಮೇಲೆ ಸವಣೂರಿನಿಂದ ಅತ್ತೆ ಬಂದಳು, ಅಪ್ಪನ ಅಕ್ಕ. ಬಾಣಂತಿಗೆಂದು ವೀಳ್ಯದೆಲೆಯ ಕಟ್ಟು ತಂದಿದ್ದಳು. ನಮಗಾಗಿ ಜೀವ ತೇಯುವ ಹೆಂಗಸು. ಅವಳ ಮಾತಿಗೆ ಅವ್ವ ಎಂದೂ ಎದುರಾಡಿದವಳಲ್ಲ. ಮಂಚದ ಕೆಳಗೆ ಬಗ್ಗಿ ನೋಡಿ, "ಕೆಂಡ ಇಲ್ಲದ ಬಾಣಂತನ ಎಲ್ಲಿದವಾ ಇದು?" ಎಂದು ಮುಖ ಸಿಂಡರಿಸಿದಳು. ಮರುದಿನ ಮಧ್ಯಾಹ್ನ ಅವ್ವ ಗಿರಣಿಗೆ ಹೋದಾಗ ಒಲೆಯಿಂದ ಕೆಂಡ ತೋಡಿ, ಅಗ್ಗಿಷ್ಟಿಕೆ ತುಂಬಿ ತಂದು ಮಂಚದ ಕೆಳಗಿಟ್ಟು, ಕಿಟಕಿ ಹಾಕಿದಳು. ಹೊಗೆಯೇ ಇರಲಿಲ್ಲ, ನಾನೂ ಸುಮ್ಮನಿದ್ದೆ. ಹಿತವಾಗಿ ಮಂಪರು ಹತ್ತುತ್ತಿತ್ತು.

ಅಂಗಳದಿಂದಲೇ ಮುಚ್ಚಿದ ಕಿಟಕಿ ಕಂಡ ಅವ್ವ ಹಿಟ್ಟಿನ ಡಬ್ಬಿ ಅಲ್ಲೇ ಬಿಟ್ಟು ಒಳಗೆ ನುಗ್ಗಿದಳು. ಸೆರಗಿನಿಂದ ಅಗ್ಗಿಷ್ಟಿಕೆ ಹಿಡಿದು ಹೊರಗೊಯ್ದು ಅಂಗಳದ ಮಳೆಗಿಟ್ಟು, ಬಂದು ಕಿಟಕಿ ಪೂರ್ತಿ ತೆರೆದಳು.

ಅತ್ತೆಗೆ ಮುಖಕ್ಕೆ ಹೊಡೆದಂತಾಯಿತು. "ನಾ ಏನ್ ಕೂಸಿಗೆ ವಿಷ ಹಾಕಾಕತ್ತೇನೇನ? ಸಂಜಿ ಬಸ್ಸಿಗೆ ಹೋಗ್ತೇನಿ."

ಅವ್ವ ತಿರುಗಿ ನಿಂತಳು. ದನಿ ಏರಿಸಲಿಲ್ಲ.

"ಕೆಂಡದಾಗ ಹೊಗಿ ಇಲ್ಲಂತ ನನಗೂ ಧೈರ್ಯ ಇತ್ರಿ, ಅಕ್ಕಾರ. ನನ್ನ ಮೊದಲನೇ ಕೂಸಿನ ಮಗ್ಗಲಕ ಅಗ್ಗಿಷ್ಟಿಗಿ ಇಟಗೊಂಡಾಕಿ ನಾನ. ಥಂಡಿ ಹತ್ತೀತಂತ ಕಿಟಕಿ ಹಾಕಿದಾಕೀನೂ ನಾನ. ನನಗ ಎಚ್ಚರಾತು. ಅದಕ್ಕ ಆಗಲಿಲ್ಲ. ಹೊಗಿ ಇಲ್ಲದ ಕೆಂಡಾನೂ ಉಸಿರು ಕಟ್ಟಸ್ತೈತಂತ ಆಗ ಗೊತ್ತಿರಲಿಲ್ಲ. ದೇವರು ಕರಕೊಂಡ ಅಂದ್ರಿ ನೀವೆಲ್ಲಾರೂ, ನಾನೂ ಹೂಂ ಅಂದ್ನಿ."

ನನಗಿಂತ ಮೊದಲು ಒಂದು ಕೂಸು ಇತ್ತೆಂದು ನನಗೆ ತಿಳಿದದ್ದು ಆಗ. ಅತ್ತೆ ಹೊಸ್ತಿಲ ಮೇಲೆ ಕುಸಿದು ಕೂತು ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಅವ್ವನನ್ನೇ ನೋಡಿದೆ. ಬೆಂಕಿಯ ಮುಖ ನೋಡಲಾರೆ ಎಂದು ಅವಳು ಒಲೆಯ ಕೆಲಸವನ್ನೇ ಕೈಬಿಟ್ಟಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವಳು ಅದರ ಮುಂದೆ ದಿನವೂ ಕುಕ್ಕರಗಾಲಲ್ಲಿ ಕೂತು, ಅದರ ಸ್ವಭಾವವನ್ನೆಲ್ಲ ಕಲಿತು, ನಮ್ಮನ್ನೆಲ್ಲ ಬಿಸಿನೀರಲ್ಲಿ ಮೀಯಿಸಿ ಬೆಳೆಸಿದ್ದಳು. ಇಂಥ ಧೈರ್ಯದ ಹೆಂಗಸನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅವ್ವ ಮಂಚದ ಹತ್ತಿರ ಬಂದು ಮಗಳ ಮೂಗಿನ ಬಳಿ ಬೆರಳು ಹಿಡಿದು ಬಹಳ ಹೊತ್ತು ನಿಂತಳು. ಆಮೇಲೆ ಕಣ್ಣೊರೆಸಿಕೊಂಡು, ಸಂಜೆಯ ನೀರಿಗೆ ಒಲೆ ಹೊತ್ತಿಸಲು ಹಿತ್ತಲಿಗೆ ಹೋದಳು.